ಉಬುಂಟು 22.04: ಪಿಂಗ್ ಹೋಗುತ್ತದೆ, ಸೈಟ್ ಮಾತ್ರ ತೆರೆಯುವುದಿಲ್ಲ

ಪ್ರಶ್ನೆ:
ನಮಸ್ಕಾರ. ಮನೆಯಲ್ಲಿ ಫೈಬರ್ ಕನೆಕ್ಷನ್ ಇದೆ, ಲ್ಯಾಪ್‌ಟಾಪಿನಲ್ಲಿ ಉಬುಂಟು 22.04. ಒಮ್ಮೊಮ್ಮೆ ಸೈಟುಗಳು ಪಟ್ ಅಂತ ತೆರೆಯುತ್ತವೆ, ಒಮ್ಮೊಮ್ಮೆ ಚಕ್ರ ತಿರುಗುತ್ತಲೇ ಇರುತ್ತದೆ. ಆಗ ಗೂಗಲಿನ ಸರ್ವರ್ 8.8.8.8ಕ್ಕೆ ಪಿಂಗ್ (ತಲುಪುತ್ತದೆಯೇ ಅಂತ ನೋಡುವ ಕಮಾಂಡ್) ಕೊಟ್ಟರೆ ಉತ್ತರ ಬರುತ್ತದೆ. ಕನ್ನಡ ವಿಕಿಪೀಡಿಯದ ಹೆಸರಿಗೆ ಕೊಟ್ಟರೆ ‘ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್’ ಅನ್ನುತ್ತದೆ. ಇಟಿಸಿ ಫೋಲ್ಡರಿನ ರಿಸಾಲ್ವ್ ಡಾಟ್ ಕಾನ್ಫ್ ಫೈಲಿನಲ್ಲಿ 127.0.0.53 ಅಂತಿತ್ತು. ಅದನ್ನು ತೆಗೆದು ಕ್ಲೌಡ್‌ಫ್ಲೇರ್ ಕಂಪನಿಯ ಸರ್ವರ್ ವಿಳಾಸ 1.1.1.1 ಬರೆದೆ. ರೀಸ್ಟಾರ್ಟ್ ಆದಮೇಲೆ ಮತ್ತೆ ಹಳೆಯದೇ ಬಂತು. ವೈಫೈ ಸೆಟ್ಟಿಂಗಿನ ಐಪಿವಿ4 (ಹಳೆಯ ಬಗೆಯ ಇಂಟರ್ನೆಟ್ ವಿಳಾಸ) ಟ್ಯಾಬಿನಲ್ಲೂ ಆಟೋಮ್ಯಾಟಿಕ್ ಆಫ್ ಮಾಡಿ 1.1.1.1 ಹಾಕಿದ್ದೇನೆ. ಆದರೂ ಅದೇ ಹಾಡು. ಇದೇ ವೈಫೈನಲ್ಲಿ ಫೋನ್ ಚೆನ್ನಾಗಿ ನಡೆಯುತ್ತಿದೆ. ಮಗಳ ಆನ್‌ಲೈನ್ ಕ್ಲಾಸ್ ನಡೆಯುವುದು ಈ ಲ್ಯಾಪ್‌ಟಾಪಿನಲ್ಲೇ. ಗೊತ್ತಿದ್ದವರು ಸ್ವಲ್ಪ ದಾರಿ ತೋರಿಸಿ.

ಉತ್ತರ:
ಸರ್, ನಂಬರಿಗೆ ಪಿಂಗ್ ಹೋಗಿ ಹೆಸರಿಗೆ ಹೋಗದಿದ್ದರೆ ಲೈನ್ ಸರಿಯಿದೆ, ತೊಂದರೆ ಇರುವುದು ಸೈಟಿನ ಹೆಸರಿನಿಂದ ಅದರ ನಂಬರ್ ವಿಳಾಸ ಹುಡುಕಿಕೊಡುವ ಡಿಎನ್ಎಸ್‌ನಲ್ಲಿ. ಅಷ್ಟನ್ನು ನೀವೇ ಪತ್ತೆ ಮಾಡಿದ್ದೀರಿ.

127.0.0.53 ನೋಡಿ ಗಾಬರಿ ಬೇಡ. ಅದು ನಿಮ್ಮ ಲ್ಯಾಪ್‌ಟಾಪಿನ ಒಳಗೇ ಓಡುವ ಸಿಸ್ಟಂ-ಡಿ ರಿಸಾಲ್ವ್ಡ್ ಅನ್ನುವ ಸರ್ವೀಸಿನ ವಿಳಾಸ. ಬ್ರೌಸರ್ ಅದನ್ನು ಕೇಳುತ್ತದೆ, ಅದು ಹೊರಗಿನ ಸರ್ವರನ್ನು ಕೇಳುತ್ತದೆ. ಇನ್ನು ಆ ರಿಸಾಲ್ವ್ ಡಾಟ್ ಕಾನ್ಫ್ ನಿಜವಾದ ಫೈಲ್ ಅಲ್ಲ, ರನ್ ಫೋಲ್ಡರಿನಲ್ಲಿರುವ ಬೇರೊಂದು ಫೈಲಿಗೆ ಲಿಂಕ್. ರನ್ ಫೋಲ್ಡರ್ ಇರುವುದೇ ರ‍್ಯಾಮಿನಲ್ಲಿ. ರೀಸ್ಟಾರ್ಟ್ ಆದರೆ ಅದು ಖಾಲಿಯಾಗುತ್ತದೆ, ಅದಕ್ಕೇ ನೀವು ಬರೆದಿದ್ದು ಉಳಿಯಲಿಲ್ಲ.

ಟರ್ಮಿನಲ್ ತೆರೆದು ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ಕೊಡಿ. ವೈಫೈ ಕಾರ್ಡಿನ ಹೆಸರಿನ ಕೆಳಗೆ ‘ಕರೆಂಟ್ ಡಿಎನ್ಎಸ್ ಸರ್ವರ್’, ‘ಡಿಎನ್ಎಸ್ ಸರ್ವರ್ಸ್’ ಅಂತ ಎರಡು ಸಾಲು ಕಾಣುತ್ತವೆ. ಸೈಟ್ ತೆರೆಯದೆ ನಿಂತಿರುವಾಗಲೇ ನೋಡಿ ಹೇಳಿ. ಹಾಗೆಯೇ, ಫೋನಿನಲ್ಲಿ ಪ್ರೈವೇಟ್ ಡಿಎನ್ಎಸ್‌ಗೆ ಏನಾದರೂ ಹೆಸರು ಕೊಟ್ಟಿದ್ದೀರಾ?

ಇನ್ನೊಬ್ಬರು:
ಇಷ್ಟೆಲ್ಲ ಯಾಕೆ? ಆ ಲಿಂಕ್ ಅಳಿಸಿ, ಅಲ್ಲಿ ಮಾಮೂಲಿ ಫೈಲ್ ಇಟ್ಟು, ಯಾರೂ ತಿದ್ದದ ಹಾಗೆ ಲಾಕ್ ಮಾಡಿಬಿಡಿ. ನಾನು ಹಾಗೇ ಇಟ್ಟುಕೊಂಡಿದ್ದೇನೆ.

ಉತ್ತರ:
ದಯವಿಟ್ಟು ಹಾಗೆ ಮಾಡಬೇಡಿ. ಇವತ್ತಿಗೆ ಕೆಲಸ ಆಗುತ್ತದೆ ನಿಜ. ನಾಳೆ ಮನೆಯಿಂದ ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಹಾಕಿದಾಗ ಅದು ತನ್ನ ಡಿಎನ್ಎಸ್ ಬರೆಯಲು ಹೋಗುತ್ತದೆ, ಫೈಲ್ ಬಿಡುವುದಿಲ್ಲ. ವಿಪಿಎನ್ ಕನೆಕ್ಟ್ ಆಗಿದೆ ಅಂತ ತೋರಿಸುತ್ತದೆ, ಒಳಗಿನ ಸರ್ವರುಗಳ ಹೆಸರು ಮಾತ್ರ ಸಿಗುವುದಿಲ್ಲ. ಅಷ್ಟು ಹೊತ್ತಿಗೆ ಫೈಲ್ ಲಾಕ್ ಮಾಡಿದ್ದು ಯಾರಿಗೆ ನೆನಪಿರುತ್ತದೆ? ಯಾವ ಸರ್ವರ್ ಉತ್ತರ ಕೊಡುತ್ತಿಲ್ಲ ಅಂತ ಮೊದಲು ಹುಡುಕೋಣ.

ಪ್ರಶ್ನೆ ಕೇಳಿದವರು:
ನೋಡಿದೆ ಸರ್. ‘ಡಿಎನ್ಎಸ್ ಸರ್ವರ್ಸ್’ ಸಾಲಿನಲ್ಲಿ 1.1.1.1 ಇದೆ, ಪಕ್ಕದಲ್ಲಿ ಎಫ್‌ಇ80::1 ಅಂತಲೂ ಇದೆ. ‘ಕರೆಂಟ್’ ಸಾಲಿನಲ್ಲಿ ಇರುವುದು ಎರಡನೆಯದು. ಅದನ್ನು ನಾನು ಎಲ್ಲೂ ಹಾಕಿಲ್ಲ. ಫೋನಿನಲ್ಲಿ ಪ್ರೈವೇಟ್ ಡಿಎನ್ಎಸ್‌ಗೆ ಗೂಗಲಿನದು ಕೊಟ್ಟಿದ್ದೇನೆ.

ಉತ್ತರ:
ಸಿಕ್ಕಿತು ನೋಡಿ. ಫೋನ್ ನಿಮ್ಮ ರೂಟರಿನ ಡಿಎನ್ಎಸ್ ಬಿಟ್ಟು ನೇರ ಗೂಗಲಿಗೇ ಕೇಳುತ್ತಿದೆ. ಹಾಗಾಗಿ ಫೋನ್ ಚೆನ್ನಾಗಿದೆ ಅನ್ನುವುದರಿಂದ ರೂಟರ್ ಚೆನ್ನಾಗಿದೆ ಅನ್ನಲು ಬರುವುದಿಲ್ಲ.

ಎಫ್‌ಇ80 ಅಂತ ಶುರುವಾಗುವುದು ಮನೆಯೊಳಗಷ್ಟೇ ನಡೆಯುವ ಐಪಿವಿ6 (ಹೊಸ ಬಗೆಯ) ವಿಳಾಸ. ಇಲ್ಲಿ ಅದು ನಿಮ್ಮ ರೂಟರಿನದೇ ಇರಬೇಕು. ಐಪಿವಿ4ರಲ್ಲಿ ಡಿಎನ್ಎಸ್ ವಿಳಾಸ ಬರುವುದು, ವೈಫೈ ಸೇರಿದಾಗ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ. ಐಪಿವಿ6ರಲ್ಲಿ ರೂಟರ್ ಆಗಾಗ ಎಲ್ಲರಿಗೂ ಕಳಿಸುವ ರೂಟರ್ ಅಡ್ವರ್ಟೈಸ್‌ಮೆಂಟಿನಲ್ಲೂ ಬರಬಹುದು. ನೀವು ಮೊದಲನೆಯದನ್ನು ಮಾತ್ರ ಆಫ್ ಮಾಡಿದ್ದೀರಿ, ಎರಡನೆಯದು ತೆರೆದೇ ಇದೆ. ರಿಸಾಲ್ವ್ಡ್ ಒಂದು ಸರ್ವರ್ ಹಿಡಿದರೆ ಅದು ಕೈಕೊಡುವವರೆಗೆ ಅದನ್ನೇ ಕೇಳುತ್ತದೆ, ಆಮೇಲೆ ಇನ್ನೊಂದಕ್ಕೆ ಹೋಗುತ್ತದೆ. ನಿಮಗೆ ಒಮ್ಮೆ ಬರುವುದು, ಒಮ್ಮೆ ನಿಲ್ಲುವುದು ಇದರಿಂದಲೇ ಅನ್ನಿಸುತ್ತದೆ.

ಸುಮ್ನೆ ನನ್ನ ಮಾತು ನಂಬಬೇಡಿ, ಪರೀಕ್ಷೆ ಮಾಡಿ. ‘ಡಿಗ್’ ಕಮಾಂಡಿನಲ್ಲಿ @ ಚಿಹ್ನೆಯ ನಂತರ ಜಾಗ ಬಿಡದೆ ಸರ್ವರಿನ ವಿಳಾಸ ಕೊಟ್ಟರೆ ಅದನ್ನೊಂದನ್ನೇ ಕೇಳುತ್ತದೆ. ಒಮ್ಮೆ 1.1.1.1ಕ್ಕೆ ಕೇಳಿ, ಒಮ್ಮೆ ಎಫ್‌ಇ80::1ಕ್ಕೆ ಕೇಳಿ. ಎರಡನೆಯದರ ಕೊನೆಗೆ % ಚಿಹ್ನೆ ಹಾಕಿ, ಜಾಗ ಬಿಡದೆ ವೈಫೈ ಕಾರ್ಡಿನ ಹೆಸರು ಸೇರಿಸಿ. ಇಲ್ಲದಿದ್ದರೆ ಯಾವ ಕಾರ್ಡಿನಿಂದ ಕಳಿಸಬೇಕು ಅಂತ ಅದಕ್ಕೆ ತಿಳಿಯುವುದಿಲ್ಲ.

ಪ್ರಶ್ನೆ ಕೇಳಿದವರು:
1.1.1.1 ತಕ್ಷಣ ಉತ್ತರ ಕೊಟ್ಟಿತು. ಇನ್ನೊಂದು ತುಂಬಾ ಹೊತ್ತು ಕಾಯಿಸಿ ‘ನೋ ಸರ್ವರ್ಸ್ ಕುಡ್ ಬಿ ರೀಚ್ಡ್’ ಅಂದಿತು.

ಉತ್ತರ:
ಹಾಗಾದರೆ ಅನುಮಾನವೇ ಇಲ್ಲ. ವೈಫೈ ಸೆಟ್ಟಿಂಗಿನಲ್ಲಿ ಐಪಿವಿ6 ಟ್ಯಾಬಿಗೆ ಹೋಗಿ, ಡಿಎನ್ಎಸ್ ಮುಂದಿನ ಆಟೋಮ್ಯಾಟಿಕ್ ಆಫ್ ಮಾಡಿ. ಕೆಳಗೆ 2606:4700:4700::1111 ಹಾಕಿ. ಇದು 1.1.1.1 ನಡೆಸುವ ಕ್ಲೌಡ್‌ಫ್ಲೇರ್‌ದೇ ಐಪಿವಿ6 ವಿಳಾಸ. ಅಪ್ಲೈ ಕೊಟ್ಟು ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಐಪಿವಿ6 ಪೂರ್ತಿ ಬಂದ್ ಮಾಡಿ ಅಂತ ತುಂಬಾ ಜನ ಹೇಳುತ್ತಾರೆ. ಕೆಟ್ಟಿರುವುದು ಒಂದು ಡಿಎನ್ಎಸ್ ವಿಳಾಸ ಮಾತ್ರ ಅಲ್ವಾ, ಅದಕ್ಕೆ ಇಡೀ ಐಪಿವಿ6 ಯಾಕೆ ತೆಗೆಯಬೇಕು?

ಪ್ರಶ್ನೆ ಕೇಳಿದವರು:
ಸರಿಹೋಯಿತು ಸರ್! ಈಗ ಎಫ್‌ಇ80 ಕಾಣುತ್ತಿಲ್ಲ, ಬೆಳಗಿನ ಕ್ಲಾಸ್ ಎಲ್ಲೂ ನಿಲ್ಲಲಿಲ್ಲ. ತುಂಬಾ ಉಪಕಾರವಾಯಿತು. ಬೇರೆ ಕಡೆಯ ವೈಫೈಗೆ ಹೋದಾಗ ಇದನ್ನೆಲ್ಲ ವಾಪಸ್ ಬದಲಿಸಬೇಕಾ?

ಉತ್ತರ:
ಬೇಡ. ಈ ಸೆಟ್ಟಿಂಗ್ ನಿಮ್ಮ ಮನೆಯ ವೈಫೈ ಹೆಸರಿಗೆ ಮಾತ್ರ ಅಂಟಿಕೊಂಡಿರುತ್ತದೆ. ರೈಲ್ವೆ ಸ್ಟೇಷನ್ನಿನಲ್ಲೋ ಹೋಟೆಲಿನಲ್ಲೋ ಅಲ್ಲಿನ ಡಿಎನ್ಎಸ್ಸೇ ಬರುತ್ತದೆ. ಬರಬೇಕು ಕೂಡ, ಇಲ್ಲದಿದ್ದರೆ ಎಷ್ಟೋ ಕಡೆ ಲಾಗಿನ್ ಪುಟವೇ ತೆರೆಯುವುದಿಲ್ಲ. ಆದರೆ ಮನೆಯಲ್ಲಿ ಬೇರೆ ಲ್ಯಾಪ್‌ಟಾಪ್, ಟಿವಿ ಇದ್ದರೆ ಅವಕ್ಕೂ ಇದೇ ಕಾಟ ಇರಬಹುದು. ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿ, ‘ರೂಟರ್ ಐಪಿವಿ6 ಡಿಎನ್ಎಸ್ ಅಂತ ತನ್ನ ವಿಳಾಸ ಕೊಡುತ್ತಿದೆ, ಕೇಳಿದರೆ ಉತ್ತರ ಕೊಡುತ್ತಿಲ್ಲ’ ಅಂತ ಇದೇ ಮಾತಿನಲ್ಲಿ ಹೇಳಿ. ಡಿಗ್ ಕೊಟ್ಟ ಉತ್ತರದ ಸ್ಕ್ರೀನ್‌ಶಾಟನ್ನೂ ಕಳಿಸಿ.