ಅಕ್ಕ ಇಳಿಯೋದು ದೇವನಹಳ್ಳಿ, ದೊಡ್ಡಪ್ಪ ಇರೋದು ಜಯದೇವ

ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ದೊಡ್ಡಪ್ಪನಿಗೆ ಸ್ಟೆಂಟ್ ಹಾಕಿದ ಮಾರನೇ ದಿನ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. 2025ರ ನವೆಂಬರ್. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರುಗಳನ್ನು ತೆಗೆದಿದ್ದೇನೆ, ಗುಡ್ ಮಾರ್ನಿಂಗ್ ಹೂಗಳನ್ನೂ ತೆಗೆದಿದ್ದೇನೆ. ದೊಡ್ಡಪ್ಪನ ಮಗಳು, ನಮ್ಮ ಅಕ್ಕ, ದುಬೈಯಿಂದ ಹೊರಟಿದ್ದಳು. ಅಷ್ಟರಲ್ಲಿ ಚಿಕ್ಕಪ್ಪ ಒಂದು ಫಾರ್ವರ್ಡ್ ಬಿಟ್ಟರು.

ಚಿಕ್ಕಪ್ಪ: "ಏರ್‌ಪೋರ್ಟ್‌ನಿಂದ ಬೆಂಗಳೂರಿನ ದೊಡ್ಡಾಸ್ಪತ್ರೆಗಳಿಗೆ ಸುಲಭ ದಾರಿ!! ಏರ್‌ಪೋರ್ಟ್‌ನಲ್ಲೇ ಮೆಟ್ರೋ ಹತ್ತಿ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ, ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗ, ಅಲ್ಲಿಂದ ಎರಡನೇ ಸ್ಟೇಷನ್ ಜಯದೇವ. 45 ನಿಮಿಷ ಸಾಕು. ಎಲ್ಲ ಗುಂಪುಗಳಿಗೂ ಕಳಿಸಿ."

ಚಿಕ್ಕಪ್ಪ: ಪುಟ್ಟಿ, ಇದನ್ನು ಸೇವ್ ಮಾಡಿಕೋ. ಟ್ಯಾಕ್ಸಿಯವರಿಗೆ ಸುಮ್ನೆ ದುಡ್ಡು ಸುರಿಯಬೇಡ.

ನಾನು: ಚಿಕ್ಕಪ್ಪ, ಏರ್‌ಪೋರ್ಟ್‌ಗೆ ಮೆಟ್ರೋ ಇನ್ನೂ ಬಂದಿಲ್ಲ. ನೀಲಿ ಮಾರ್ಗದ ಕೆಲಸ ನಡೀತಾನೇ ಇದೆ. ಹೆಬ್ಬಾಳದ ಕಡೆ ಹೋದರೆ ಬರೀ ಕಂಬ ಕಾಣುತ್ತೆ.

ಚಿಕ್ಕಪ್ಪ: ಹಳದಿ ಮಾರ್ಗ ಇಲ್ವಾ ಹಾಗಾದರೆ? ಪ್ರಧಾನಿನೇ ಬಂದು ಉದ್ಘಾಟನೆ ಮಾಡಿದ್ದನ್ನು ಟೀವಿಯಲ್ಲಿ ನೋಡಿದ್ದೇನೆ.

ನಾನು: ಅದು ಇದೆ. ಆಗಸ್ಟ್ 10ಕ್ಕೆ ಉದ್ಘಾಟನೆ ಆಯಿತು. ಮೆಜೆಸ್ಟಿಕ್‌ನಿಂದ ಆಚೆಗೆ ನಿಮ್ಮ ಮೆಸೇಜ್ ಸರಿ. ಏರ್‌ಪೋರ್ಟ್‌ನಿಂದ ಮೆಜೆಸ್ಟಿಕ್‌ಗೆ ಬರೋದು ಹೇಗೆ ಅನ್ನೋದೇ ತಪ್ಪು.

ಚಿಕ್ಕಪ್ಪ: ಮುಕ್ಕಾಲು ಸರಿ ಇದ್ದ ಮೇಲೆ ತಪ್ಪು ಅಂತ ಯಾಕೆ ಹೇಳಬೇಕು? ನಿಮಗೆಲ್ಲ ದೊಡ್ಡವರನ್ನು ತಿದ್ದೋದೇ ಖುಷಿ.

(ಇಲ್ಲಿ ಒಂದು ಮಾತು. ಪೂರ್ತಿ ಸುಳ್ಳಾದ ಫಾರ್ವರ್ಡ್ ಅಷ್ಟು ಅಪಾಯ ಅಲ್ಲ, ಓದಿದ ಕೂಡಲೇ ಗೊತ್ತಾಗುತ್ತೆ. ಮುಕ್ಕಾಲು ಸರಿ ಇರೋದನ್ನು ನಂಬಿಕೊಂಡು ನಡುರಾತ್ರಿ ಸೂಟ್‌ಕೇಸ್ ಎಳೆದುಕೊಂಡು ಏರ್‌ಪೋರ್ಟ್‌ನಲ್ಲಿ ಮೆಟ್ರೋ ಹುಡುಕುವವರು ಇರುತ್ತಾರೆ.)

ಪುಣೆ ತಮ್ಮ: ಅದಕ್ಕೇ ನಾನು ಮೊದಲೇ ಅಂದುಕೊಂಡೆ, ಏರ್‌ಪೋರ್ಟ್ ರಸ್ತೆಯಲ್ಲಿರೋ ಯಾವುದಾದರೂ ಆಸ್ಪತ್ರೆಗೆ ಸೇರಿಸಬಹುದಿತ್ತು. ಬರುವವರಿಗೆ ಹತ್ತಿರ.

ನಾನು: ಅದು ಹಳೇ ಏರ್‌ಪೋರ್ಟ್ ರಸ್ತೆ ಕಣೋ! ಎಚ್‌ಎಎಲ್ ಕಡೆ. ಅಲ್ಲಿಂದ ವಿಮಾನಗಳು ದೇವನಹಳ್ಳಿಗೆ ಹೋಗಿ 2008ರಿಂದ ಎಷ್ಟು ವರ್ಷ ಆಯಿತು!

ಪುಣೆ ತಮ್ಮ: ಓ. ಮತ್ತೆ ಏರ್‌ಪೋರ್ಟ್ ಪಕ್ಕ ರೈಲ್ವೆ ಸ್ಟೇಷನ್ ಇದೆಯಂತಲ್ಲ?

ನಾನು: ಇದೆ, 2021ರಲ್ಲಿ ಆಗಿದ್ದು. ದಿನಕ್ಕೆ ನಿಲ್ಲೋದೇ ಕೆಲವು ರೈಲು. ವಿಮಾನ ಇಳಿಯೋ ಹೊತ್ತಿಗೆ ಅದು ಸಿಗೋದು ಅದೃಷ್ಟ.

ದೊಡ್ಡಮ್ಮ: ಯಾವ ರೈಲಾದರೂ ಆಗಲಿ, ನನ್ನ ಮಗಳು ಬಂದ ಕೂಡಲೇ ಅಪ್ಪನ ಮುಖ ನೋಡಬೇಕು. ಅವರು ಕಣ್ಣು ಬಿಟ್ಟರೆ ಅವಳನ್ನೇ ಕೇಳ್ತಾರೆ.

ಅಕ್ಕ: ರಾತ್ರಿ ಏರ್‌ಪೋರ್ಟ್‌ಗೆ ಹೊರಡುತ್ತೇನೆ. ಬೆಳಗ್ಗೆ ಎಂಟೂವರೆಗೆ ಲ್ಯಾಂಡಿಂಗ್. ಸೀದಾ ಆಸ್ಪತ್ರೆಗೇ ಬರುತ್ತೇನೆ. ಮನೆಗೆ ಹೋಗಲ್ಲ.

ಚಿಕ್ಕಪ್ಪ: ಹಾಗಾದರೆ ವಾಯುವಜ್ರ ಹತ್ತು. ಕೆಐಎ-9 ಮೆಜೆಸ್ಟಿಕ್‌ಗೆ ಬರುತ್ತೆ. ಎಸಿ ಬಸ್ಸು. ಅಲ್ಲಿಂದ ಮೆಟ್ರೋ. ಇದರಲ್ಲೂ ತಪ್ಪು ಹುಡುಕು ನೋಡೋಣ.

ನಾನು: ತಪ್ಪಿಲ್ಲ. ಕೈಯಲ್ಲಿ ಒಂದು ಬ್ಯಾಗ್ ಇದ್ದವರಿಗೆ ಅದಕ್ಕಿಂತ ಒಳ್ಳೇ ದಾರಿ ಇಲ್ಲ. ಅಕ್ಕ, ಎಷ್ಟು ಲಗೇಜ್?

ಅಕ್ಕ: ಎರಡು ದೊಡ್ಡ ಸೂಟ್‌ಕೇಸ್. 23 ಕೆಜಿ ಒಂದೊಂದು. ಜೊತೆಗೆ ಲ್ಯಾಪ್‌ಟಾಪ್.

ನಾನು: ಮೆಟ್ರೋದಲ್ಲಿ 15 ಕೆಜಿ ದಾಟಿದರೆ ಲಗೇಜ್‌ಗೆ ಬೇರೆ ದುಡ್ಡು. ಅದು ಹೋಗಲಿ. ಮೆಜೆಸ್ಟಿಕ್‌ನಲ್ಲಿ ಬಸ್ಸಿಂದ ಇಳಿದು, ಆ ಜನದ ಮಧ್ಯೆ ಎರಡೂ ಪೆಟ್ಟಿಗೆ ಎಳೆದುಕೊಂಡು ಸ್ಟೇಷನ್‌ಗೆ ನಡೀಬೇಕು. ಆರ್.ವಿ. ರಸ್ತೆಯಲ್ಲಿ ಮತ್ತೆ ರೈಲು ಬದಲಾಯಿಸಬೇಕು. ಹಳದಿ ಮಾರ್ಗದಲ್ಲಿ ರೈಲುಗಳೇ ಕಡಿಮೆ, ಒಂದು ತಪ್ಪಿದರೆ ಕಾಯಬೇಕು.

ಯಲಹಂಕ ಅತ್ತೆ: ಟ್ಯಾಕ್ಸಿ ಮಾಡಲಿ ಬಿಡೋ. ಹೆಣ್ಣುಮಕ್ಕಳಿಗೆ ಅಂತಲೇ ಗುಲಾಬಿ ಟ್ಯಾಕ್ಸಿ ಇದೆ. ಇಂಥ ಹೊತ್ತಲ್ಲಿ ದುಡ್ಡಿನ ಮುಖ ನೋಡ್ತಾರಾ?

ನಾನು: ದುಡ್ಡಿನ ಮಾತಲ್ಲ ಅತ್ತೆ. ಇಮಿಗ್ರೇಷನ್, ಲಗೇಜ್ ಎಲ್ಲ ಮುಗಿಸಿ ಹೊರಗೆ ಬರೋಷ್ಟರಲ್ಲಿ ಒಂಬತ್ತೂವರೆ. ಆ ಹೊತ್ತಲ್ಲಿ ಹೆಬ್ಬಾಳ ದಾಟಿ, ಊರ ನಡುವೆ ಹಾದು, ಬನ್ನೇರುಘಟ್ಟ ರಸ್ತೆ ಮುಟ್ಟಬೇಕು. 40 ಕಿ.ಮೀ. ಮೇಲೆ. ಎರಡು ಗಂಟೆ ಅಂತೂ ಹಿಡಿಯುತ್ತೆ.

ಅಕ್ಕ: ಎರಡು ಗಂಟೆ ಆದರೂ ಪರವಾಗಿಲ್ಲ. ಜಯದೇವ ಫ್ಲೈಓವರ್ ಹತ್ತಿರ ಇಳಿದು ನಡೆದುಬಿಡುತ್ತೇನೆ, ಆ ಜಾಗ ನನಗೆ ಚೆನ್ನಾಗಿ ಗೊತ್ತು.

ನಾನು: ನಿನಗೆ ಗೊತ್ತಿರೋ ಫ್ಲೈಓವರನ್ನು 2020ರಲ್ಲೇ ಕೆಡವಿದರು ಅಕ್ಕ. ಈಗ ಅಲ್ಲಿರೋದು ಡಬಲ್ ಡೆಕ್ಕರ್, ಮೊದಲ ಅಂತಸ್ತಲ್ಲಿ ವಾಹನ, ಅದರ ಮೇಲೆ ಮೆಟ್ರೋ. ನಿನಗೆ ಗುರುತೇ ಸಿಗಲ್ಲ.

ಇದರ ಮೇಲೆ ಚಿಕ್ಕಪ್ಪ ಮತ್ತು ಪುಣೆ ತಮ್ಮನ ನಡುವೆ ಔಟರ್ ರಿಂಗ್ ರೋಡ್ ಮೇಲೋ, ಮೇಖ್ರಿ ಸರ್ಕಲ್ ಮೇಲೋ ಅಂತ ಉದ್ದ ವಾದ ನಡೆಯಿತು. ಮ್ಯಾಪಿನ ಸ್ಕ್ರೀನ್‌ಶಾಟ್‌ಗಳೂ ಬಂದವು. ಅವನ್ನು ಬಿಟ್ಟಿದ್ದೇನೆ. ಬೆಂಗಳೂರಿನಲ್ಲಿ ಇಲ್ಲದವರೇ ಬೆಂಗಳೂರಿನ ದಾರಿ ಬಗ್ಗೆ ಜಾಸ್ತಿ ಗಟ್ಟಿಯಾಗಿ ಮಾತಾಡುತ್ತಾರೆ, ಅಲ್ವಾ?

ಅಷ್ಟು ಹೊತ್ತೂ ಒಂದಕ್ಷರ ಹಾಕದಿದ್ದವರು ಅತ್ತಿಗೆ, ದೊಡ್ಡಪ್ಪನ ಸೊಸೆ. ಆಸ್ಪತ್ರೆಯಲ್ಲಿ ಕೂತಿದ್ದವರೂ ಅವರೇ. ರಾತ್ರಿ ಹತ್ತರ ಮೇಲೆ ಬರೆದರು.

ಅತ್ತಿಗೆ: ಎಲ್ಲ ಈಗ ಓದಿದೆ, ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ. ಮಾವ ಆರಾಮಾಗಿದ್ದಾರೆ, ಗಂಜಿ ಕುಡಿದರು. ಅಕ್ಕ, ತಪ್ಪು ತಿಳಿಯಬೇಡಿ. ನೀವು ಹನ್ನೊಂದೂವರೆಗೆ ಬಂದರೆ ನಿಮ್ಮನ್ನು ಒಳಗೆ ಬಿಡಲ್ಲ. ಐಸಿಯುಗೆ ನಮಗೆ ಕೊಟ್ಟಿರೋದು ಒಂದೇ ಪಾಸ್, ನೋಡೋಕೆ ಬಿಡೋದು ಸಂಜೆ. ಅಲ್ಲಿವರೆಗೆ ಎರಡು ಪೆಟ್ಟಿಗೆ ಇಟ್ಟುಕೊಂಡು ಕಾರಿಡಾರಿನಲ್ಲಿ ನಿಲ್ಲಬೇಕು. ಕೂರೋಕೂ ಜಾಗ ಇಲ್ಲ. ಜನ ನೆಲದ ಮೇಲೆ ಟವೆಲ್ ಹಾಸಿ ಮಲಗಿದ್ದಾರೆ.

ಅತ್ತಿಗೆ: ನಿಮ್ಮ ತಮ್ಮ ರಾತ್ರಿಯೆಲ್ಲ ಕೂತು ಕೂತು ಸೊಂಟ ಹಿಡಿದುಕೊಂಡಿದೆ. ನನಗೆ ಬೆಳಗ್ಗೆ ಇನ್ನೊಬ್ಬರು ಬೇಡ. ರಾತ್ರಿಗೆ ಒಬ್ಬರು ಬೇಕು.

ದೊಡ್ಡಮ್ಮ: ಅಪ್ಪನನ್ನು ನೋಡೋಕೂ ಟೈಮ್ ಟೇಬಲ್ಲಾ?

ಅತ್ತಿಗೆ: ನಾನು ಮಾಡಿದ್ದಲ್ಲ ಅತ್ತೆ. ಬೆಳಗ್ಗೆ ನಾನೇ ಒಳಗೆ ಹೋದಾಗ ಬೇಕಾದರೆ ವೀಡಿಯೊ ಕಾಲ್ ಮಾಡಿಸೋಕೆ ಸಿಸ್ಟರ್‌ನ ಕೇಳಿ ನೋಡ್ತೀನಿ.

ಅಕ್ಕ ಸುಮಾರು ಹೊತ್ತು ಟೈಪ್ ಮಾಡುತ್ತಾ ಇದ್ದಳು, ನಿಲ್ಲಿಸುತ್ತಿದ್ದಳು.

ಅಕ್ಕ: ನನಗೆ ಬೇಜಾರಿಲ್ಲ. ಆದರೆ ನೀವೆಲ್ಲ ಅಲ್ಲೇ ಇದ್ದೀರ. ಬಂದ ಮೇಲೂ ಮನೆಯಲ್ಲಿ ಮಲಗು ಅಂದರೆ ಹೇಗೆ ಮಲಗಲಿ?

ಯಲಹಂಕ ಅತ್ತೆ: ನಮ್ಮನೆಗೆ ಬಾ ಪುಟ್ಟಿ. ಏರ್‌ಪೋರ್ಟ್‌ನಿಂದ ಬರೋ ದಾರೀಲೇ ಇದೆ, ಹೆಬ್ಬಾಳಕ್ಕಿಂತ ಮೊದಲೇ. ಪೆಟ್ಟಿಗೆ ಇಲ್ಲೇ ಇರಲಿ. ಸ್ನಾನ ಮಾಡು, ಅನ್ನ ಸಾರು ತಿನ್ನು. ನಿದ್ದೆ ಬರದಿದ್ದರೆ ಸುಮ್ನೆ ಒರಗಿಕೋ.

ನಾನು: ಅತ್ತೆ ಹೇಳಿದ್ದು ಸರಿ. ಮಧ್ಯಾಹ್ನ ನಾನೇ ಬಂದು ಮಲ್ಲೇಶ್ವರದ ಸಂಪಿಗೆ ರಸ್ತೆ ಮೆಟ್ರೋವರೆಗೆ ಕಾರಲ್ಲಿ ಬಿಡುತ್ತೇನೆ. ಅಲ್ಲಿ ಹಸಿರು ಮಾರ್ಗ, ಆರ್.ವಿ. ರಸ್ತೆಯಲ್ಲಿ ಹಳದಿ. ಅಲ್ಲಿಂದ ಮುಂದೆ ಊರಿನ ಟ್ರಾಫಿಕ್ ತಪ್ಪುತ್ತೆ.

ಚಿಕ್ಕಪ್ಪ: ಆರ್.ವಿ. ರಸ್ತೆ, ಹಳದಿ ಮಾರ್ಗ, ಎರಡನೇ ಸ್ಟೇಷನ್. ಇದನ್ನೇ ಅಲ್ವಾ ನಾನು ಸಾಯಂಕಾಲ ಹಾಕಿದ್ದು?

ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಯಾರೋ ಒಂದು ಹೆಬ್ಬೆರಳು ಹಾಕಿದರು.

ಅಕ್ಕ: ಸರಿ ಅತ್ತೆ, ನಿಮ್ಮನೆಗೆ ಬರುತ್ತೇನೆ. ಲೊಕೇಶನ್ ಹಾಕಿ. ಆಸ್ಪತ್ರೆಯಲ್ಲಿ ಯಾವ ಕಡೆ ಬರಲಿ?

ಅತ್ತಿಗೆ: ಹಳೇ ಕಟ್ಟಡ ಅಲ್ಲ, ಇನ್ಫೋಸಿಸ್ ಬ್ಲಾಕ್. ಒಳಗೆ ಬರೋಕೆ ಹೋಗಬೇಡಿ, ಗೇಟಲ್ಲೇ ನಿಂತು ಫೋನ್ ಮಾಡಿ. ಪಾಸ್ ನಿಮ್ಮ ಕೈಗೆ ಕೊಟ್ಟು ನಾನು ಮನೆಗೆ ಹೋಗ್ತೀನಿ. ಫೈಲ್, ಬಿಲ್ಲು ಎಲ್ಲ ನೀಲಿ ಬ್ಯಾಗಲ್ಲಿದೆ. ಒಂದು ದಪ್ಪ ಶಾಲು, ಫೋನ್ ಚಾರ್ಜರ್, ನೀರಿನ ಬಾಟ್ಲಿ ತನ್ನಿ. ರಾತ್ರಿ ಎಸಿಗೆ ಚಳಿ ಜಾಸ್ತಿ.