ವಾಡೇದ ಮಾಳಿಗಿ ಮ್ಯಾಲ ಜ್ವಾಳ ಬಿತ್ತಬಹುದು!

(ಹುನಗುಂದ ಕಡಿ ಒಂದು ಹಳ್ಳಿ. ಅಗಸಿ ಕಟ್ಟಿ ಮ್ಯಾಲ ಚಾ. ಮಾತು ಒಂದು ಹಳೇ ವಾಡೇದ್ದು, ಅಂದ್ರ ಕಲ್ಲು-ಮಣ್ಣಿನ ದೊಡ್ಡ ಮನೀದು.)

ಶೆಟ್ರು: ಈ ಹಳೇ ವಾಡೇಕ್ಕ ಬಣ್ಣ ಹೊಡಿಸಿ ಖಾನಾವಳಿ ಇಟ್ರ ಊರ ನಡುವ ಮತ್ತ ಕಳೆ ಬರ್ತೈತಿ ನೋಡ್ರಿ.

ಗೌಂಡಿ ಕಾಕಾ: ಬಣ್ಣ ಇರ್ಲಿ, ಮೊದಲ ಮ್ಯಾಲಿನ ಮಣ್ಣಿನ ಛಾವಣಿ, ಅದ ಮಾಳಿಗಿ, ಹತ್ರಿ. ಸೋರಿದಾಗೊಮ್ಮೆ ಮಣ್ಣು ಹಾಕಿ ಹಾಕಿ ಒಂದು ಫೂಟ್ ದಾಟೈತಿ. ಜ್ವಾಳ ಬಿತ್ತಿದ್ರ ತೆನಿ ಹಿಡಿತಾವು.

ಇಂಜಿನಿಯರ್ ತಮ್ಮ: ಒಂದು ಫೂಟ್ ಮಣ್ಣಂದ್ರ ಚದರ ಮೀಟರಿಗೆ ಹತ್ತಿರ ಹತ್ತಿರ 500 ಕಿಲೋ. ತೊಯ್ದ್ರ ಇನ್ನೂ ಹೆಚ್ಚು.

ಶೆಟ್ರು: ಅಂದ್ರ ಎಷ್ಟು ಮಂದಿ ನಿಂತಂಗ?

ತಮ್ಮ: ನಿಮ್ಮಂಥಾವ್ರಾದ್ರ ಐದ ಮಂದಿ ಸಾಕ್ರಿ.

ಕಾಕಾ: ಆರಿಂಚು ಉಳಿಸಿ ಉಳಿದದ್ದು ಇಳಸ್ಬೇಕು. ಅದಕ್ಕೂ ಮೊದಲ ತೊಲಿಗೆ ಊರಗೋಲು. ಎರಡೂ ಕಡಿಯಿಂದ ಸಮಾ ಇಳಸ್ರಿ, ಒಂದ ಬಾಜೂ ಖಾಲಿ ಮಾಡಿದ್ರ ಗ್ವಾಡಿ ವಾಲತೈತಿ. ಆಮ್ಯಾಲ ಮಾಳಿಗಿ ಹೊತ್ತ ಕಟ್ಟಿಗಿ ಜಂತಿ ನೋಡ್ರಿ. ನಡುವ ಬಡಿದು "ಗಟ್ಟಿ ಐತಿ" ಅನ್ನಬ್ಯಾಡ್ರಿ, ಕೊಳಿಯೂದು ಗ್ವಾಡ್ಯಾಗ ಹೊಕ್ಕ ತುದಿ. ಉಳಿ ಚುಚ್ರಿ. ಬೆಣ್ಣಿಗೆ ಹೋದಂಗ ಹೋತಂದ್ರ ಆ ತುದಿ ಕೊಯ್ದು ತೇಗಿನ ತುಂಡು ಕೂಡಿಸಿ, ಎರಡೂ ಮಗ್ಗಲಾ ಕಬ್ಬಿಣದ ಪಟ್ಟಿ ಇಟ್ಟು ಬೋಲ್ಟ್ ಬಿಗೀರಿ.

ಶೆಟ್ರು: ಗ್ವಾಡಿಗರೆ ಸಿಮೆಂಟ್ ಮೆತ್ತೂಣೇನು?

ಕಾಕಾ: ಮೆತ್ರಿ, ಎರಡ್ಮೂರು ಮಳಿಗಾಲದಾಗ ನನಗ ಮತ್ತ ಕೆಲಸ ಸಿಗ್ತೈತಿ! ಕಲ್ಲು-ಮಣ್ಣಿನ ಗ್ವಾಡಿ ತಳದಿಂದ ಪಸಿ ಹೀರತೈತಿ. ಸಿಮೆಂಟ್ ಅದನ್ನ ಹೊರಗ ಬಿಡೂದಿಲ್ಲ. ಉಪ್ಪು ಒಳಗ ಕುಂತು ಗಿಲಾವ್ ಹಾಳಿ ಹಾಳಿ ಎದ್ದು ಬೀಳ್ತೈತಿ. ಸುಣ್ಣ ಒಂದು, ಉಸುಕು ಮೂರು. ಸುಣ್ಣ ಕುಣ್ಯಾಗ 15 ದಿನ ಅರಳ್ಲಿ. ಅರಳದ ಹಳಕು ಉಳಿದ್ರ ಗ್ವಾಡಿ ಮ್ಯಾಲ ಅರಳಿ ಗುಳ್ಳಿ ಏಳ್ತಾವು. ಒಂದು ಸಲಕ್ಕ ಅರ್ಧ ಇಂಚಿಗಿಂತ ದಪ್ಪ ಹಚ್ಚಬ್ಯಾಡ್ರಿ.

ಮಾಸ್ತರು: ಹಳೇದಕ್ಕ ಹೊಸ ಕೆಲಸ ಕೊಡೂದು ನಮಗೇನು ಹೊಸದಲ್ಲ. ವಿಜಯಪುರದಾಗ ಗೋಲಗುಮ್ಮಟದ ಮುಂದಿನ ನಗಾರಿ ಬಾರಿಸೂ ಕಟ್ಟಡ, ನಗಾರಖಾನಿ, 1892ರಾಗ ವಸ್ತುಸಂಗ್ರಹಾಲಯ ಆತು. ಆದ್ರ ಖಾನಾವಳಿ ಅಂದ್ರ ಬೆಂಕಿ, ನೀರು. ಇವೆರಡೂ ವಾಡೇದ ವೈರಿ.

ತಮ್ಮ: ಅದಕ್ಕ ಒಲಿ ಹಿತ್ತಲದಾಗ, ಬ್ಯಾರೆ ಶೆಡ್ಡಿನ್ಯಾಗ. ಪಾಯಖಾನೀನೂ ಅಲ್ಲೇ. ಮಣ್ಣಿನ ಗ್ವಾಡಿಗೆ ಹಚ್ಚಿ ಪೈಪ್ ಹಾಕಿದ್ರ ಸೋರೂದು ಗೊತ್ತಾಗೂದ್ರಾಗ ಗ್ವಾಡಿ ಹೊಟ್ಟಿ ಬಿಟ್ಟಿರ್ತೈತಿ. ಪಡಸಾಲ್ಯಾಗ ಊಟ, ಬೆಳಕಿಂಡಿ ಇರೂ ಕ್ವಾಣ್ಯಾಗ ಗುಳೇದಗುಡ್ಡದ ಖಣದ ಅಂಗಡಿ.

ಕಾಕಾ: ಟೇಬಲ್ ಇಡೂ ಮುಂದ ಪಡಸಾಲಿ ಫರಸಿ ಬಡಿದು ನೋಡ್ರಿ. ಟೊಳ್ಳ ಸಪ್ಪಳ ಬಂದ್ರ ಕೆಳಗ ಹಗೇವು, ಅಂದ್ರ ಕಾಳು ತುಂಬಿಡೂ ಕುಣಿ, ಐತಿ ಅಂತ ತಿಳೀರಿ. ಬಾಯಿ ತೆಗದ ಕೂಡ್ಲೆ ಇಳದೀರಿ ಮತ್ತ! ಒಳಗಿನ ಗಾಳಿ ಜೀವಾ ತೆಗಿತೈತಿ.

ಶೆಟ್ರು: (ಚಾ ಲೋಟ ಇಟ್ಟು) ಖಾನಾವಳಿ ಅಂದ್ನಿ, ನೀವು ಯಮನ ಮನಿ ತೋರಸ್ತೀರಲ್ಲೋ!

ಮಾಸ್ತರು: ಖರೇ ತ್ರಾಸು ಉತಾರದಾಗ, ಅಂದ್ರ ಮಾಲೀಕರ ಹೆಸರಿರೂ ಕಾಗದದಾಗ ಐತ್ರಿ. ವಾರಸುದಾರ್ರು ಹತ್ತಾರು ಮಂದಿ, ಒಬ್ಬಾಂವ ಪುಣೇದಾಗ. ಎಲ್ಲಾರ ಸಹಿ ತೊಗೊಂಡು ಹತ್ತು ವರ್ಷದ ಲೀಸ್ ಮಾಡ್ರಿ. ವರ್ಷ ಮೀರಿದ ಲೀಸ್ ನೋಂದಣಿ ಆಗ್ಲೇಬೇಕು. ಬಾಯಿಮಾತಿನ್ಯಾಗ ಬಿಟ್ರೋ, ಮಾಳಿಗಿ ಸೋರೂದು ನಿಂತ ದಿವಸಾನ ಎಲ್ಲಾ ಅಣ್ಣತಮ್ಮರಿಗೂ ಅಜ್ಜನ ಮನಿ ನೆನಪಾಗ್ತೈತಿ.