ರೂಮಿನ ಸದ್ದು ಹೊರಗೆ ಹೋಗಬಾರದು, ಖರ್ಚೂ ಜಾಸ್ತಿ ಆಗಬಾರದು. ಏನು ಮಾಡಲಿ?

ಪಿಟೀಲುಹುಚ್ಚು:
ನಮಸ್ಕಾರ. ಕೆಲಸ ಮುಗಿಸಿ ರಾತ್ರಿ ಪಿಟೀಲು ಅಭ್ಯಾಸ ಮಾಡುತ್ತೇನೆ. ಹಾಲ್‌ನಲ್ಲಿ ಮಲಗುವ ಅಪ್ಪನಿಗೆ ನಿದ್ದೆ ಬರುತ್ತಿಲ್ಲ. ಪಕ್ಕದ ಮನೆಯವರೂ ಮೆತ್ತಗೆ ಹೇಳಿ ಹೋದರು. ಬಾಡಿಗೆ ಮನೆ, ಗೋಡೆ ಮುಟ್ಟುವ ಹಾಗಿಲ್ಲ. ಒಂದು ಬಾಗಿಲು, ಒಂದು ಸ್ಲೈಡಿಂಗ್ ಕಿಟಕಿ ಇದೆ. ಮೊಟ್ಟೆ ಟ್ರೇ ಅಂಟಿಸು ಅಂತ ಒಬ್ಬರು, ಫೋಮ್ ಹಾಕಿಸು ಅಂತ ಇನ್ನೊಬ್ಬರು. ಯಾವುದು ಸರಿ?

ಮೂಲೆಮನೆ:
ಮೊಟ್ಟೆ ಟ್ರೇ ಬೇಡವೇ ಬೇಡ. ಧೂಳು ಕೂರುತ್ತದೆ, ಬೆಂಕಿ ಬೇಗ ಹತ್ತುತ್ತದೆ, ಸದ್ದಂತೂ ನಿಲ್ಲುವುದಿಲ್ಲ. ದಪ್ಪ ಪರದೆ ಹಾಕಿ ನೋಡಿ.

ಹಳೇಸೌಂಡಿನವ:
ಮೂಲೆಮನೆಯವರೇ, ಪರದೆಯದೂ ಅದೇ ಕಥೆ. ಫೋಮ್, ಪರದೆ, ಕಾರ್ಪೆಟ್ ಇವೆಲ್ಲ ರೂಮಿನ ಒಳಗಿನ ಪ್ರತಿಧ್ವನಿ ಇಳಿಸುತ್ತವೆ, ಅಷ್ಟೇ. ರೆಕಾರ್ಡಿಂಗ್‌ಗೆ ಒಳ್ಳೆಯದು. ಸದ್ದು ಆಚೆ ಹೋಗದಂತೆ ತಡೆಯಲು ಭಾರ ಬೇಕು, ಸಂದಿ ಇರಬಾರದು. ಫೋಮ್ ಮಾರುವವರು ಈ ಮಾತು ಹೇಳುವುದಿಲ್ಲ ಬಿಡಿ.

ಮೊದಲು ಬಾಗಿಲು ನೋಡಿ. ರಾತ್ರಿ ರೂಮಿನ ಲೈಟ್ ಆರಿಸಿ, ಹಾಲ್ ಲೈಟ್ ಹಾಕಿ, ಬಾಗಿಲು ಮುಚ್ಚಿ ಒಳಗೆ ನಿಲ್ಲಿ. ಬೆಳಕು ಎಲ್ಲಿ ತೂರುತ್ತದೋ ಅಲ್ಲಿ ಸದ್ದೂ ತೂರುತ್ತದೆ. 2 ಮೀಟರ್ ಎತ್ತರದ ಬಾಗಿಲಿನ ಕೆಳಗೆ 1 ಸೆಂ.ಮೀ. ಸಂದಿ ಇದೆ ಅನ್ನಿ. ಅದು ಬಾಗಿಲಿನ 200ರಲ್ಲಿ ಒಂದು ಭಾಗ. ಲೆಕ್ಕದ ಪ್ರಕಾರ, ಬಾಗಿಲು ಉಕ್ಕಿನದ್ದೇ ಆದರೂ 23 ಡೆಸಿಬಲ್‌ಗಿಂತ (ಸದ್ದಿನ ಅಳತೆ) ಜಾಸ್ತಿ ತಡೆಯಲಾರದು. ಇನ್ನು ಗೋಡೆಯ ತೂಕ ಎರಡು ಪಟ್ಟು ಮಾಡಿದರೂ ಹೆಚ್ಚೆಂದರೆ 6 ಡೆಸಿಬಲ್ ಸಿಗುತ್ತದೆ. ಕಿವಿಗೆ ಸದ್ದು ಅರ್ಧ ಅನ್ನಿಸಲು ಸುಮಾರು 10 ಇಳಿಯಬೇಕು. ದುಡ್ಡು ಗೋಡೆಗಲ್ಲ, ಮೊದಲು ಸಂದಿ ಮುಚ್ಚಲು ಹಾಕಬೇಕು ಅಂತ ಗೊತ್ತಾಯಿತಲ್ವಾ?

ಚೌಕಟ್ಟಿನ ಮೂರೂ ಕಡೆ ಅಂಟಿಸುವ ರಬ್ಬರ್ ಪಟ್ಟಿ, ಕೆಳಗೆ ಡೋರ್ ಸೀಲ್. ಬಾಗಿಲು ಎಳೆದಾಗ ಪಟ್ಟಿ ಸ್ವಲ್ಪ ಅದುಮಬೇಕು. ಸುಮ್ನೆ ತಾಗಿದರೆ ಸಾಲದು. ಬಾಗಿಲು ತಟ್ಟಿದಾಗ ಟೊಳ್ಳು ಸದ್ದು ಬಂದರೆ ಇಷ್ಟರಿಂದ ಪೂರ್ತಿ ನಿಲ್ಲುವುದಿಲ್ಲ, ಆದರೂ ವ್ಯತ್ಯಾಸ ಗೊತ್ತಾಗುತ್ತದೆ.

ಸ್ಲೈಡಿಂಗ್ ಕಿಟಕಿಯ ಹಳಿಯಲ್ಲೇ ಸಂದಿ. ಅಳತೆಗೆ 18 ಮಿ.ಮೀ. ಪ್ಲೈವುಡ್ ಕತ್ತರಿಸಿ, ಅಂಚಿಗೆ ರಬ್ಬರ್ ಅಂಟಿಸಿ, ನುಡಿಸುವಾಗ ಮಾತ್ರ ಒತ್ತಿ ಕೂರಿಸಿ. ಗಾಜಿಗೂ ಹಲಗೆಗೂ ನಡುವೆ ಜಾಗ ಬಿಟ್ಟಷ್ಟೂ ಒಳ್ಳೆಯದು. ಮನೆ ಬಿಡುವಾಗ ಜೊತೆಗೇ ಒಯ್ಯಬಹುದು.

ಡ್ರಮ್ ಆಗಿದ್ದರೆ ಇಷ್ಟು ಧೈರ್ಯವಾಗಿ ಹೇಳುತ್ತಿರಲಿಲ್ಲ. ಅದು ನೆಲ, ಗೋಡೆ ಹಿಡಿದೇ ಹೋಗುತ್ತದೆ. ಪಿಟೀಲಿನದು ಮೇಲಿನ ಸ್ಥಾಯಿ, ಸಂದಿ ಮುಚ್ಚಿದರೆ ಚೆನ್ನಾಗಿ ಇಳಿಯುತ್ತದೆ.

ನಾಲ್ಕುತಂತಿ:
ಇಷ್ಟೆಲ್ಲ ಮಾಡುವ ಮೊದಲು ಪ್ರಾಕ್ಟೀಸ್ ಮ್ಯೂಟ್ ತಗೊಳ್ಳಿ. ಪಿಟೀಲಿನ ಕುದುರೆಯ (ತಂತಿಗಳನ್ನು ಹೊರುವ ಮರದ ತುಂಡು, ಬ್ರಿಡ್ಜ್) ಮೇಲೆ ಕೂರಿಸುವ ರಬ್ಬರ್ ತುಂಡು. ನಾದ ಮಂಕಾಗುತ್ತದೆ, ನಿಜ. ಬಿಲ್ಲಿನ ಒತ್ತಡದ ಅಂದಾಜೂ ಕೊಂಚ ತಪ್ಪುತ್ತದೆ. ಹಾಗಾಗಿ ರಾತ್ರಿ ಬೆರಳಿನ ಪಾಠ, ಶ್ರುತಿ ನೋಡಿಕೊಳ್ಳುವುದು. ಬಿಲ್ಲಿನ ಕೆಲಸ ಹಗಲಿಗೆ.

ಪಿಟೀಲುಹುಚ್ಚು:
ಲೈಟ್ ಆರಿಸಿ ನೋಡಿದೆ. ಬಾಗಿಲ ಕೆಳಗೆ ಬೆರಳೇ ತೂರುತ್ತದೆ! ಮ್ಯೂಟ್, ರಬ್ಬರ್ ಪಟ್ಟಿ ಎರಡೂ ತರುತ್ತೇನೆ. ಎಲ್ಲ ಮುಚ್ಚಿದರೆ ಗಾಳಿಗೆ ಏನು ಮಾಡುವುದು?

ಹಳೇಸೌಂಡಿನವ:
ಅರ್ಧ ಗಂಟೆಗೊಮ್ಮೆ ಬಾಗಿಲು ತೆರೆದು ಐದು ನಿಮಿಷ ಬಿಡಿ. ಗಾಳಿಗೆ ಅಂತ ತೂತು ಮಾತ್ರ ಕೊರೆಯಬೇಡಿ. ಹಲಗೆಯನ್ನೂ ಮಲಗುವ ಮುಂಚೆ ತೆಗೆದಿಡಿ.